ರಕ್ತವೋ, ರೋಗಾಣುವೋ, ತಪ್ಪಲೆಯೋ

ದಾದರಿನಲ್ಲಿರುವ ನನ್ನ ದೊಡ್ಡಮ್ಮನ ಮನೆಯ ಅಡುಗೆಕೋಣೆಯ ಅಟ್ಟದ ಮೇಲೆ ಒಂದು ಹಿತ್ತಾಳೆ ತಪ್ಪಲೆ ಇದೆ. 1959ರಲ್ಲಿ ಮದುವೆಯಾಗಿ ಅಂಕೋಲೆಯ ಕಡೆಯಿಂದ ಮುಂಬಯಿಗೆ ಬಂದಾಗ ಅವಳ ಅಪ್ಪ ಕೊಡಿಸಿದ್ದು. ಚಾಳಿನ ಎರಡು ಕೋಣೆಯ ಮನೆ ಬಿಟ್ಟು ಈಗಿನ ಕಟ್ಟಡಕ್ಕೆ ಬರುವಾಗ ಹಂಡೆ, ಕೊಡಪಾನ, ಪರಾತ ಎಲ್ಲವನ್ನೂ ತೂಕಕ್ಕೆ ಹಾಕಿದ್ದಾಯಿತು. ತಪ್ಪಲೆ ಮಾತ್ರ ಉಳಿಯಿತು. ವರ್ಷಕ್ಕೊಮ್ಮೆ ದೀಪಾವಳಿಗೆ ಅದನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಮತ್ತೆ ಮೇಲಿಡುತ್ತಾರೆ.

2022ರ ಏಪ್ರಿಲ್‌ನಲ್ಲಿ ನಾನು ಅಲ್ಲಿದ್ದೆ. ಸ್ಕಾಟ್ಲೆಂಡಿನಲ್ಲಿ ಪುಟ್ಟ ಮಕ್ಕಳಿಗೆ ಕಾರಣ ತಿಳಿಯದ ಕಾಮಾಲೆ ಬರುತ್ತಿದೆ, ಕೆಲವರಿಗೆ ಯಕೃತ್ತನ್ನೇ ಬದಲಿಸಬೇಕಾಗಿದೆ ಎಂದು ಟೀವಿಯಲ್ಲಿ ಹೇಳುತ್ತಿದ್ದರು. ದೊಡ್ಡಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿದಳು.

"ನಮ್ಮ ಕಾಲದಲ್ಲೂ ಮಕ್ಕಳಿಗೆ ಲಿವರ್ ಆಗ್ತಿತ್ತು, ತಮಾ. ನನ್ನ ಮೊದಲಿನ ಎರಡೂ ಅದ್ರಲ್ಲೇ ಹೋದ್ವು. ನಿಮ್ಮ ರಕ್ತದಲ್ಲೇ ಇದೆ ಅಂದ್ರು ಡಾಕ್ಟ್ರು."

ನಾನು ಹುಟ್ಟುವ ಮೊದಲೇ ಹೋದ ಆ ಇಬ್ಬರು ಅಣ್ಣಂದಿರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಿದ್ದು ನನಗೆ ನೆನಪಿಲ್ಲ. ಒಬ್ಬ ಒಂದೂವರೆ ವರ್ಷದವನು, ಇನ್ನೊಬ್ಬನಿಗೆ ಎರಡು ತುಂಬಿತ್ತು. ಮೂರನೆಯವಳು, ನನ್ನ ಅಕ್ಕ, ಉಳಿದಳು. ಆ ದಿನ ಶುರುವಾದ ಹುಡುಕಾಟದಿಂದ ಈ ಬರಹ ಹುಟ್ಟಿದೆ. 'ರಕ್ತದಲ್ಲೇ ಇದೆ' ಎಂಬ ಮಾತಿಗೆ ವೈದ್ಯಶಾಸ್ತ್ರದಲ್ಲಿ ಒಂದು ಚರಿತ್ರೆಯಿದೆ. ಅದರ ಸಾಕಷ್ಟು ಭಾಗ ಆ ಮನೆಯಿಂದ ನಡೆದು ಹೋಗಬಹುದಾದ ದೂರದಲ್ಲೇ ಇದೆ.

*

'ಲಿವರ್ ಆಗುವುದು' ಎಂದರೆ ಅರವತ್ತು, ಎಪ್ಪತ್ತು ವರ್ಷ ದಾಟಿದ ಓದುಗರಿಗೆ ತಕ್ಷಣ ತಿಳಿದೀತು. ಆರು ತಿಂಗಳಿಂದ ಮೂರು, ನಾಲ್ಕು ವರ್ಷದೊಳಗಿನ ಮಗು. ಮೊದಲು ಸಣ್ಣ ಜ್ವರ, ಕಿರಿಕಿರಿ, ಊಟ ಸೇರದು. ಹೊಟ್ಟೆ ನಿಧಾನವಾಗಿ ಉಬ್ಬುತ್ತದೆ. ಪಕ್ಕೆಲುಬಿನ ಕೆಳಗೆ ಯಕೃತ್ತು ಗಟ್ಟಿಯಾಗಿ, ಎಲೆಯ ಅಂಚಿನಂತೆ ಚೂಪಾಗಿ ಕೈಗೆ ಸಿಗುತ್ತದೆ. ಆಮೇಲೆ ಕಾಮಾಲೆ, ಹೊಟ್ಟೆಯಲ್ಲಿ ನೀರು. ಕಾಣಿಸಿಕೊಂಡ ಕೆಲವೇ ತಿಂಗಳಲ್ಲಿ ಬಹುಪಾಲು ಮಕ್ಕಳು ತೀರಿಕೊಳ್ಳುತ್ತಿದ್ದರು. ಮದ್ರಾಸಿನ ಜಮ್ಮಿ ವೆಂಕಟರಮಣಯ್ಯನವರ ಹೆಸರಿನ ಲಿವರ್ ಔಷಧಿ ದಕ್ಷಿಣದ ಮನೆಮನೆಯಲ್ಲೂ ಪರಿಚಿತವಾಗಿತ್ತು ಎಂದರೆ ಈ ಭಯ ಎಷ್ಟು ಹರಡಿತ್ತು ಎಂದು ಊಹಿಸಬಹುದು.

ವೈದ್ಯಕೀಯ ಬರಹದಲ್ಲಿ ಈ ರೋಗ ಮೊದಲು ಕಾಣುವುದು 1887ರಲ್ಲಿ, ಕಲ್ಕತ್ತೆಯ ಡಾ. ಸೇನ್ ಅವರ ವಿವರಣೆಯಲ್ಲಿ. ಬೆನ್ನಿಗೇ ಗಿಬ್ಬನ್ಸ್ ಎಂಬ ಬ್ರಿಟಿಷ್ ವೈದ್ಯರು ಬರೆದರು. 1955ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯಕೃತ್ತು ರೋಗಗಳ ಉಪಸಮಿತಿ ವರದಿ ಕೊಟ್ಟಿತು. ಮದ್ರಾಸಿನ ಮಕ್ಕಳ ವೈದ್ಯ ಎಸ್. ಟಿ. ಆಚಾರ್, ರೋಗಶಾಸ್ತ್ರಜ್ಞ ಎಸ್. ಶ್ರೀರಾಮಾಚಾರಿ ಮೊದಲಾದವರು ಅದನ್ನು ಜಗತ್ತಿಗೆ ಪರಿಚಯಿಸಿದ್ದು 'ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್' ಎಂಬ ಹೆಸರಿನಿಂದ. ಹೆಸರಿನಲ್ಲೇ ದೇಶ ಸೇರಿಕೊಂಡಿತ್ತು. ಸೂಕ್ಷ್ಮದರ್ಶಕದಡಿ ಈ ಮಕ್ಕಳ ಯಕೃತ್ತು ವರ್ಷಗಟ್ಟಲೆ ಕುಡಿದ ಮುದುಕರದ್ದರಂತೆ ಕಾಣುತ್ತಿತ್ತು. ಹಾಲು ಬಿಟ್ಟು ಬೇರೇನೂ ಕುಡಿಯದ ಮಗುವಿನ ಯಕೃತ್ತು ಹೀಗೇಕೆ?

ಮೊದಲ ಅನುಮಾನ ಬಿದ್ದದ್ದು ವಂಶದ ಮೇಲೆ. ಅದಕ್ಕೆ ಕಾರಣಗಳೂ ಇದ್ದವು. ಒಂದೇ ಮನೆಯಲ್ಲಿ ಒಡಹುಟ್ಟಿದವರು ಒಬ್ಬರ ಹಿಂದೊಬ್ಬರು ಹೋಗುತ್ತಿದ್ದರು. ಗಂಡುಮಕ್ಕಳು ಹೆಚ್ಚು. ಹಿಂದೂ ಮನೆಗಳಲ್ಲಿ, ಅದರಲ್ಲೂ ಮಧ್ಯಮ ವರ್ಗದ ಮೇಲುಜಾತಿಗಳಲ್ಲಿ ಹೆಚ್ಚು ಕಾಣುತ್ತಿತ್ತು, ಪಕ್ಕದ ಕೇರಿಯ ಮುಸ್ಲಿಂ ಮನೆಗಳಲ್ಲಿ ಅಪರೂಪ. ತಮ್ಮ ತಮ್ಮೊಳಗೇ ಮದುವೆಯಾಗುವ ಜನ ಎಂಬುದು ಗೊತ್ತಿದ್ದ ವಿಚಾರ. ಹೀಗಿರುವಾಗ ರಕ್ತ ಎನ್ನದೆ ಇನ್ನೇನು ಅಂದಾರು?

*

ದಾದರಿನಲ್ಲಿ ಕೂತ ಡಾಕ್ಟರೊಬ್ಬರು ಅರವತ್ತರ ದಶಕದಲ್ಲಿ ಹಾಗೆ ಅಂದದ್ದರಲ್ಲಿ ಆಶ್ಚರ್ಯವಿಲ್ಲ. ದಾದರಿಗೆ ತಾಗಿಕೊಂಡಂತೆ ದಕ್ಷಿಣಕ್ಕಿರುವ ಪರೇಲ್ ಆಗ ದೇಶದ ರಕ್ತವಿಜ್ಞಾನದ ತವರು. ಹಳೆಯ ಗವರ್ನರ್ ಬಂಗಲೆಯಲ್ಲಿ ಹಾಫ್‌ಕಿನ್ ಸಂಸ್ಥೆ, 1926ರಿಂದ ಕೆಇಎಂ ಆಸ್ಪತ್ರೆ, 1929ರಿಂದ ವಾಡಿಯಾ ಮಕ್ಕಳ ಆಸ್ಪತ್ರೆ, 1941ರಿಂದ ಟಾಟಾ ಮೆಮೋರಿಯಲ್. ಕೆಇಎಂನ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ಯಾರ ರಕ್ತಕ್ಕೂ ಹೊಂದದ ಹೊಸದೊಂದು ರಕ್ತದ ಗುಂಪನ್ನು ಕಂಡುಹಿಡಿದರು. ನೋಡಲು 'ಓ' ಗುಂಪಿನಂತೆ ಕಂಡರೂ 'ಓ' ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಅದಕ್ಕೆ ಊರಿನ ಹೆಸರೇ ನಿಂತಿತು: ಬಾಂಬೆ ಬ್ಲಡ್ ಗ್ರೂಪ್. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಬದಲಾದ ಪ್ರತಿ ಬಂದಾಗ ಮಾತ್ರ ಕಾಣಿಸುವ ಗುಣ ಅದು. ಒಂದೊಂದೇ ಪ್ರತಿ ಹೊತ್ತ ತಂದೆತಾಯಿಗೆ ಏನೂ ಗೊತ್ತಾಗುವುದಿಲ್ಲ. ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ.

ನಾಲ್ಕರಲ್ಲಿ ಒಂದು ಎಂಬ ಈ ಲೆಕ್ಕ ಮಕ್ಕಳ ಲಿವರ್ ರೋಗಕ್ಕೂ ಹೊಂದುವಂತೆ ಕಾಣುತ್ತಿತ್ತು. ಆದರೆ ಒಂದು ರೋಗ ಒಂದೇ ಮನೆಯಲ್ಲಿ ಓಡಾಡಿದ ಮಾತ್ರಕ್ಕೆ ಅದು ವಂಶವಾಹಿಯಲ್ಲೇ ಇದೆ ಎನ್ನಬಹುದೇ? ಮನೆಯವರು ಹಂಚಿಕೊಳ್ಳುವುದು ರಕ್ತವೊಂದನ್ನೇ ಅಲ್ಲ. ನಲ್ಲಿಯ ನೀರು, ಸೋಂಕು, ಒಲೆ, ಪಾತ್ರೆ ಎಲ್ಲವನ್ನೂ.

ಎರಡನೆಯ ಅನುಮಾನ ವೈರಸ್. 1955ರ ಕೊನೆ ಮತ್ತು 1956ರ ಆರಂಭದಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29 ಸಾವಿರ ಜನರಿಗೆ ಕಾಮಾಲೆಯಾಯಿತು. ಆ ಏಟು ಹೆಚ್ಚಾಗಿ ಬಿದ್ದದ್ದು ಹರೆಯದವರ ಮೇಲೆ, ತೀರಾ ಕೆಟ್ಟದಾಗಿ ಬಸುರಿಯರ ಮೇಲೆ. ಮಕ್ಕಳು ಬಹುಮಟ್ಟಿಗೆ ಪಾರಾದರು. ಅದು ಈಗ ಹೆಪಟೈಟಿಸ್ ಇ ಎಂದು ಕರೆಯುವ ವೈರಸ್ ಎಂದು ಗೊತ್ತಾಗಲು ದಶಕಗಳೇ ಬೇಕಾದವು. ಒಂದೇ ನೀರು ಕುಡಿದವರಲ್ಲಿ ಒಬ್ಬನಿಗೆ ಏನೂ ಆಗದೆ ಇನ್ನೊಬ್ಬನ ಯಕೃತ್ತು ಕುಸಿಯುವುದೇಕೆ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಗರ್ಭದಲ್ಲೋ ಹುಟ್ಟಿದ ಹೊಸದರಲ್ಲೋ ತಗುಲಿದ ಹೆಪಟೈಟಿಸ್ ಮಗುವಿನಲ್ಲಿ ಸಿರೋಸಿಸ್ ಆಗಿ ತಿರುಗುತ್ತಿರಬಹುದೇ ಎಂದು ಅನೇಕರು ಹುಡುಕಿದರು.

*

ಇದೇ ಹೊತ್ತಿಗೆ ಅಮೆರಿಕದಲ್ಲಿ ಇದಕ್ಕೆ ಕನ್ನಡಿ ಹಿಡಿದಂಥ ಕಥೆಯೊಂದು ನಡೆಯುತ್ತಿತ್ತು. ಬರೂಕ್ ಬ್ಲೂಮ್‌ಬರ್ಗ್ ಎಂಬ ವೈದ್ಯರು ವಿದ್ಯಾರ್ಥಿಯಾಗಿದ್ದಾಗ ಸುರಿನಾಮಿನಲ್ಲಿ ಕೆಲಸ ಮಾಡಿದ್ದರು. ಒಂದೇ ಕಡೆ ಬದುಕುವ ಬೇರೆ ಬೇರೆ ಮೂಲದ ಜನ ಆನೆಕಾಲು ರೋಗಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ತುತ್ತಾಗುವುದನ್ನು ಅಲ್ಲಿ ಕಂಡರು. ರೋಗಕ್ಕೆ ಬಲಿಯಾಗುವ ಗುಣ ವಂಶದಲ್ಲಿ ಬರುತ್ತದೆಯೇ ಎಂದು ತಿಳಿಯಲು ಲೋಕದ ಮೂಲೆಮೂಲೆಯಿಂದ ರಕ್ತ ಸಂಗ್ರಹಿಸಿದರು. 1963ರಲ್ಲಿ, ಮತ್ತೆ ಮತ್ತೆ ರಕ್ತ ಪಡೆದಿದ್ದ ನ್ಯೂಯಾರ್ಕಿನ ಹಿಮೊಫಿಲಿಯಾ ರೋಗಿಯೊಬ್ಬರ ಸೀರಮ್ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ಸೀರಮ್ಮಿನೊಡನೆ ಪ್ರತಿಕ್ರಿಯಿಸಿತು. ಸಿಕ್ಕ ವಸ್ತುವಿಗೆ 'ಆಸ್ಟ್ರೇಲಿಯಾ ಆಂಟಿಜೆನ್' ಎಂದು ಹೆಸರಿಟ್ಟರು.

ಅದು ಕುಟುಂಬಗಳಲ್ಲಿ ಓಡಾಡುತ್ತಿತ್ತು. ಬ್ಲೂಮ್‌ಬರ್ಗ್ ಅದನ್ನು ವಂಶವಾಹಿಯ ಗುರುತೆಂದೇ ಬಗೆದು, ಬಾಂಬೆ ರಕ್ತದ ಗುಂಪಿನ ರೀತಿಯ ಲೆಕ್ಕವನ್ನೇ ಹಾಕಿದರು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅದು ಹೆಚ್ಚಾಗಿ ಕಂಡಾಗ ಆ ನಂಬಿಕೆ ಇನ್ನೂ ಬಲವಾಯಿತು. ಆದರೆ 1966ರಲ್ಲಿ, ಮೊದಲ ಪರೀಕ್ಷೆಯಲ್ಲಿ ಆಂಟಿಜೆನ್ ಇಲ್ಲದಿದ್ದ ಅಂಥ ಒಬ್ಬ ರೋಗಿಯ ರಕ್ತದಲ್ಲಿ ಎರಡನೆಯ ಸಲ ಅದು ಕಾಣಿಸಿತು. ಹುಟ್ಟಿನಿಂದ ಬಂದ ಗುಣ ನಡುವೆ ಹೇಗೆ ಬಂದೀತು? ನೋಡಿದರೆ ಆ ಅವಧಿಯಲ್ಲಿ ಅವನಿಗೆ ಯಕೃತ್ತಿನ ಉರಿಯೂತವಾಗಿತ್ತು. ಆಮೇಲೆ ಪ್ರಯೋಗಾಲಯದ ತಂತ್ರಜ್ಞೆಯೊಬ್ಬರಿಗೂ ಹೀಗೇ ಆಯಿತು. ವಂಶದ ಗುರುತೆಂದು ಹುಡುಕಿದ್ದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚವಾಗಿತ್ತು. 1976ರಲ್ಲಿ ಬ್ಲೂಮ್‌ಬರ್ಗ್ ಅವರಿಗೆ ನೊಬೆಲ್ ಬಂತು.

ಅದು ಕುಟುಂಬದಲ್ಲಿ ಓಡಾಡುವುದಕ್ಕೆ ಕಾರಣವೂ ತಿಳಿಯಿತು. ಸೋಂಕಿರುವ ತಾಯಿಯಿಂದ ಹೆರಿಗೆಯ ಹೊತ್ತಿಗೆ ವೈರಸ್ ಮಗುವಿಗೆ ದಾಟುತ್ತದೆ. ದೊಡ್ಡವರಿಗೆ ಸೋಂಕು ತಗುಲಿದರೆ ನೂರಕ್ಕೆ ತೊಂಬತ್ತೈದು ಮಂದಿ ಅದನ್ನು ಹೊರಹಾಕುತ್ತಾರೆ. ಹುಟ್ಟುವಾಗಲೇ ತಗುಲಿದ ಮಕ್ಕಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಜೀವಮಾನವಿಡೀ ಹೊರುತ್ತಾರೆ. ಇಲ್ಲಿ ಮಗುವನ್ನು ದುರ್ಬಲವಾಗಿಸುವುದು ವಂಶಕ್ಕಿಂತ ಹೆಚ್ಚಾಗಿ ವಯಸ್ಸು.

ಬ್ಲೂಮ್‌ಬರ್ಗ್ 1986ರಲ್ಲಿ ರಾಮನ್ ಪ್ರಾಧ್ಯಾಪಕರಾಗಿ ಕೆಲವು ತಿಂಗಳು ಬೆಂಗಳೂರಿಗೂ ಬಂದಿದ್ದರು. ನಮ್ಮ ಅಜ್ಜಿಯರು ಕಾಮಾಲೆಗೆ ಅರೆದು ಕೊಡುತ್ತಿದ್ದ ನೆಲನೆಲ್ಲಿಯ ಮೇಲೆ ಅವರಿಗೆ ಆಸಕ್ತಿ ಹುಟ್ಟಿತ್ತು. ಮದ್ರಾಸಿನ ಸಂಶೋಧಕರೊಡನೆ ಸೇರಿ ಅವರು 1988ರಲ್ಲಿ ಪ್ರಕಟಿಸಿದ ಅಧ್ಯಯನ ದೊಡ್ಡ ಸುದ್ದಿಯಾಯಿತು. ಬೇರೆ ಕಡೆ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ.

*

ಮತ್ತೆ ನಮ್ಮ ಮಕ್ಕಳ ಲಿವರ್ ರೋಗಕ್ಕೆ ಬರೋಣ. ಹೆಪಟೈಟಿಸ್ ಬಿ ಪರೀಕ್ಷೆ ಕೈಗೆ ಬಂದ ಮೇಲೂ ಈ ಮಕ್ಕಳ ರೋಗಕ್ಕೆ ಅದು ವಿವರಣೆಯಾಗಲಿಲ್ಲ. 1978ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಪೋರ್ಟ್‌ಮನ್, ಸ್ಟುವರ್ಟ್ ಟ್ಯಾನರ್ ಮೊದಲಾದವರು ಭಾರತದ ಮಕ್ಕಳ ಯಕೃತ್ತಿನ ಚೂರುಗಳಿಗೆ ಓರ್ಸೀನ್ ಎಂಬ ಬಣ್ಣ ಹಾಕಿ ನೋಡಿದರು. ಜೀವಕೋಶಗಳ ತುಂಬ ಕಂದು ಕಾಳುಗಳು ಕಂಡವು. ಅದು ತಾಮ್ರದ ಗುರುತು. ಮರುವರ್ಷ ಅಳೆದು ನೋಡಿದರು. ಒಣಗಿಸಿದ ಯಕೃತ್ತಿನ ಒಂದು ಗ್ರಾಮಿನಲ್ಲಿ ಸಾಮಾನ್ಯವಾಗಿ ಇರುವ ತಾಮ್ರ 50 ಮೈಕ್ರೋಗ್ರಾಮಿನ ಒಳಗೆ. ಈ ಮಕ್ಕಳಲ್ಲಿ ಅದು ಹತ್ತಾರು ಪಟ್ಟು. ಅದೇ ವರ್ಷ ನ್ಯೂಯಾರ್ಕಿನ ಹ್ಯಾನ್ಸ್ ಪಾಪರ್, ನಮ್ಮವರೇ ಆದ ಎನ್. ಸಿ. ನಾಯಕ್ ಮತ್ತಿತರರು ಕೂಡ ತಾಮ್ರವನ್ನು ಕಂಡರು.

ತಾಮ್ರ ಎಲ್ಲಿಂದ ಬಂತು? ಉತ್ತರ ಸಿಕ್ಕಿದ್ದು ಪುಣೆಯ ಕೆಇಎಂ ಆಸ್ಪತ್ರೆಯಲ್ಲಿ. ಮಕ್ಕಳ ವೈದ್ಯರಾದ ಶೀಲಾ ಭಾವೆ, ಆನಂದ್ ಪಂಡಿತ್ ಅವರು ಟ್ಯಾನರ್ ಜೊತೆ ಸೇರಿ ತಾಯಂದಿರನ್ನು ಒಂದು ಸಾದಾ ಪ್ರಶ್ನೆ ಕೇಳಿದರು: ಮಗುವಿಗೆ ಏನು ಕೊಟ್ಟಿರಿ, ಯಾವಾಗಿಂದ, ಯಾವ ಪಾತ್ರೆಯಲ್ಲಿ? ರೋಗ ಬಂದ ಮಕ್ಕಳಿಗೆ ತಾಯಿಹಾಲಿನ ಜೊತೆಗೋ ಬದಲಿಗೋ ಹಸುವಿನ, ಎಮ್ಮೆಯ ಹಾಲು ಬೇಗ ಶುರುವಾಗಿತ್ತು. ಆ ಹಾಲನ್ನು ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಅದರಲ್ಲೇ ಇಡುತ್ತಿದ್ದರು. ರೋಗ ಬಾರದ ಮಕ್ಕಳ ಮನೆಗಳಲ್ಲಿ ಈ ರೂಢಿ ಕಡಿಮೆ. 1983ರಲ್ಲಿ ಈ ವಿಚಾರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಹಾಲು ಹಿತ್ತಾಳೆಯಿಂದ ತಾಮ್ರವನ್ನು ಹೀರಿಕೊಳ್ಳುತ್ತದೆ, ಹಾಲಿನ ಕೇಸೀನ್ ಎಂಬ ಪ್ರೋಟೀನು ಅದನ್ನು ಹಿಡಿದಿಡುತ್ತದೆ. ದೊಡ್ಡವರಲ್ಲಿ ಹೆಚ್ಚಾದ ತಾಮ್ರ ಪಿತ್ತರಸದ ಜೊತೆ ಹೊರಗೆ ಹೋಗುತ್ತದೆ. ಹಸುಗೂಸಿನ ಯಕೃತ್ತಿನಲ್ಲಿ ಹುಟ್ಟುವಾಗಲೇ ತಾಮ್ರದ ದಾಸ್ತಾನು ಹೆಚ್ಚಿರುತ್ತದೆ, ಹೊರಹಾಕುವ ಶಕ್ತಿ ಇನ್ನೂ ಬೆಳೆದಿರುವುದಿಲ್ಲ. ಮಗು ದಿನವೂ ಕುಡಿಯುವುದು ಅದೇ ಹಾಲು.

ಈಗ ಹಳೆಯ ಗುರುತುಗಳನ್ನೆಲ್ಲ ಇನ್ನೊಮ್ಮೆ ಓದಿ ನೋಡಿ. ಒಡಹುಟ್ಟಿದವರಿಗೆ ಏಕೆ ಬಂತು? ಒಂದೇ ತಪ್ಪಲೆ. ಮಧ್ಯಮ ವರ್ಗಕ್ಕೆ ಏಕೆ? ಹಿತ್ತಾಳೆ ಪಾತ್ರೆ ಕೊಳ್ಳಲು, ಮಗುವಿಗೆ ಮೇಲುಹಾಲು ತರಲು ಕೈಯಲ್ಲಿ ಕಾಸಿದ್ದವರು ಅವರೇ. ಬಡವರ ಮನೆಯ ಮಡಕೆ, ಅಲ್ಯುಮಿನಿಯಂ ಪಾತ್ರೆ ಈ ವಿಷಯದಲ್ಲಿ ಮಗುವನ್ನು ಕಾದವು. ಗಂಡುಮಕ್ಕಳಿಗೆ ಹೆಚ್ಚೇಕೆ? ಮೇಲುಹಾಲು ಗಂಡುಮಗುವಿಗೆ ಮೊದಲು ಬರುತ್ತಿತ್ತು ಎಂಬುದು ಒಂದು ಊಹೆ. ಮುಸ್ಲಿಂ ಮನೆಗಳಲ್ಲಿ ತಾಮ್ರದ ಪಾತ್ರೆಗೆ ತಪ್ಪದೆ ಕಲಾಯಿ ಹಾಕಿಸುತ್ತಿದ್ದರು. ಬೀದಿಯಲ್ಲಿ ಕೂತು ತಿದಿ ಒತ್ತಿ, ನವಸಾಗರ ಉಜ್ಜಿ, ತವರದ ತೆಳುಪದರ ಹಚ್ಚುತ್ತಿದ್ದ ಕಲಾಯಿಗಾರ ತನಗೆ ತಿಳಿಯದೆಯೇ ಮಕ್ಕಳ ಜೀವ ಉಳಿಸುತ್ತಿದ್ದ. ನಮ್ಮಲ್ಲಿ ಸಾರು, ಹುಳಿ ಮಾಡುವ ಪಾತ್ರೆಗೆ ಕಲಾಯಿ ಬೇಕೇ ಬೇಕು ಎಂದು ಎಲ್ಲರಿಗೂ ಗೊತ್ತಿತ್ತು, ಇಲ್ಲದಿದ್ದರೆ ಅಡುಗೆ ಕಿಲುಬುತ್ತದೆ. ಹಾಲಿಗೆ ಹುಳಿಯಿಲ್ಲ, ಹಾಗಾಗಿ ಅದಕ್ಕೆ ಬೇಡ ಎಂದುಕೊಂಡರು.

ಪುಣೆಯ ತಂಡ ಕೈಕಟ್ಟಿ ಕೂರಲಿಲ್ಲ. ತಾಮ್ರವನ್ನು ಹೊರಗೆಳೆಯುವ ಪೆನಿಸಿಲಮೀನ್ ಔಷಧಿಯನ್ನು ಬೇಗ ಶುರುಮಾಡಿದರೆ ಕೆಲವು ಮಕ್ಕಳಾದರೂ ಉಳಿಯುತ್ತಾರೆಂದು 1987ರಲ್ಲಿ ತೋರಿಸಿತು. ಹಳ್ಳಿಗಳಿಗೆ ಹೋಗಿ ಹಾಲಿನ ಪಾತ್ರೆ ಬದಲಿಸಿ ಎಂದು ಹೇಳಿತು. ಆದರೆ ಅದಕ್ಕೂ ಮೊದಲೇ ಊರಿನ ತುಂಬ ಇನ್ನೊಂದು ಕ್ರಾಂತಿ ನಡೆಯುತ್ತಿತ್ತು. ಮುಂಬಯಿಯ ಚಾಳುಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಬಂದು, ಹಳೆಯ ಸೀರೆ, ಪ್ಯಾಂಟುಗಳಿಗೆ ಬದಲಾಗಿ ಸ್ಟೀಲ್ ಪಾತ್ರೆ ಕೊಡುತ್ತಿದ್ದ ಹೆಂಗಸರನ್ನು ನೆನಪಿಸಿಕೊಳ್ಳಿ. ಎಷ್ಟು ಸೀರೆಗೆ ಎಷ್ಟು ದೊಡ್ಡ ಡಬರಿ ಎಂದು ಮೆಟ್ಟಿಲ ಮೇಲೆ ನಡೆಯುತ್ತಿದ್ದ ಆ ಚೌಕಾಸಿ, ಯಾರಿಗೂ ಗೊತ್ತಿಲ್ಲದೆ, ಒಂದು ರೋಗವನ್ನು ಮನೆಯಿಂದ ಹೊರಗೆ ಹಾಕುತ್ತಿತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಈ ರೋಗ ಪುಸ್ತಕದಲ್ಲಿ ಓದುವಷ್ಟು ಅಪರೂಪವಾಯಿತು.

*

ಹಾಗಾದರೆ ರಕ್ತಕ್ಕೆ ಇದರಲ್ಲಿ ಪಾತ್ರವೇ ಇರಲಿಲ್ಲವೇ? ಕಥೆಯನ್ನು ಇಲ್ಲಿಗೇ ಮುಗಿಸಿದರೆ ಚೆಂದ, ಆದರೆ ಅದು ಸರಿಯಾಗದು. ಹಿತ್ತಾಳೆಯಲ್ಲಿ ಹಾಲು ಕಾಯಿಸಿದ ಮನೆಗಳು ಲಕ್ಷಾಂತರ, ಮಕ್ಕಳು ಸತ್ತ ಮನೆಗಳು ಅದರಲ್ಲಿ ಸ್ವಲ್ಪವೇ. ಆಸ್ಟ್ರಿಯಾದ ಟಿರೋಲ್ ಕಣಿವೆಗಳಲ್ಲಿ 1900ರಿಂದ 1974ರವರೆಗೆ 138 ಎಳೆಯ ಮಕ್ಕಳು ಇಂಥದೇ ಸಿರೋಸಿಸ್‌ನಿಂದ ಸತ್ತಿದ್ದರು ಎಂದು ಇನ್ಸ್‌ಬ್ರೂಕಿನ ವೈದ್ಯರು 1996ರಲ್ಲಿ ಬರೆದರು. ಅಲ್ಲಿಯೂ ಕಲಾಯಿಯಿಲ್ಲದ ತಾಮ್ರದ ಪಾತ್ರೆ, ಹಸುವಿನ ಹಾಲು. ಪಾತ್ರೆ ಬದಲಾದ ಮೇಲೆ ರೋಗವೂ ಹೋಯಿತು. ಆದರೆ ವಂಶವೃಕ್ಷ ಬರೆದು ನೋಡಿದಾಗ ಅದೇ ನಾಲ್ಕರಲ್ಲಿ ಒಂದರ ಲೆಕ್ಕ ಕಂಡಿತು. ಅಮೆರಿಕದ ಮೆಸಾಚುಸೆಟ್ಸ್‌ನ ಮೂರು ಊರುಗಳ ನೀರಿನಲ್ಲಿ ತಾಮ್ರ ಬಹಳವಿದ್ದರೂ ಅಲ್ಲಿ ಯಾವ ಮಗುವೂ ಹೀಗೆ ಸತ್ತಿರಲಿಲ್ಲ. ಟಿರೋಲಿನ ವೈದ್ಯರು ಇದನ್ನು ಪರಿಸರ ಮತ್ತು ವಂಶ ಎರಡೂ ಸೇರಿದ ರೋಗ ಎಂದರು. ತಾಮ್ರವೇ ಮೂಲ ಎಂಬುದನ್ನು ಒಪ್ಪದವರೂ ಇದ್ದಾರೆ. ಮೊದಲು ತಾಮ್ರವನ್ನು ಕಂಡವರಲ್ಲಿ ಒಬ್ಬರಾದ ನಾಯಕ್ ಅವರೇ 2013ರಲ್ಲೂ ಆ ವಾದವನ್ನು ಪ್ರಶ್ನಿಸಿದರು. ಭಾರತದ ಮಕ್ಕಳಲ್ಲಿ ಅಂಥ ವಂಶವಾಹಿ ಯಾವುದೆಂದು ಹುಡುಕುವ ಮೊದಲೇ ರೋಗ ಮಾಯವಾಗಿತ್ತು.

ವೈರಸ್ಸಿನ ವಿಷಯದಲ್ಲಿ ಮಾತ್ರ ವಂಶದ ಪಾತ್ರ ಈಗೀಗ ಸ್ಪಷ್ಟವಾಗಿ ಕಾಣತೊಡಗಿದೆ. ನಮ್ಮ ದೇಶದಲ್ಲಿ ಹೆಪಟೈಟಿಸ್ ಎ ಬಹುಪಾಲು ಮಕ್ಕಳಿಗೆ ಗೊತ್ತಾಗದಂತೆ ಬಂದು ಹೋಗುತ್ತದೆ. ಅಪರೂಪಕ್ಕೊಬ್ಬರ ಯಕೃತ್ತು ಏಕೆ ದಿನಗಳಲ್ಲೇ ಕುಸಿಯುತ್ತದೆ? 2019ರಲ್ಲಿ ವಿಜ್ಞಾನಿಗಳು ಹೀಗೆ ತೀರಿಕೊಂಡ 11 ವರ್ಷದ ಹುಡುಗಿಯೊಬ್ಬಳ ವಂಶವಾಹಿಗಳನ್ನು ಓದಿದರು. ಇಂಟರ್‌ಲ್ಯೂಕಿನ್-18 ಎಂಬ ರಕ್ಷಣಾ ಸಂದೇಶಕ್ಕೆ ಕಡಿವಾಣ ಹಾಕುವ ಪ್ರೋಟೀನು ಅವಳಲ್ಲಿ ಇರಲೇ ಇಲ್ಲ. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದಿತ್ತು. ಕಡಿವಾಣವಿಲ್ಲದ ರಕ್ಷಣಾ ಪಡೆ ವೈರಸ್ಸಿನ ಜೊತೆ ಯಕೃತ್ತನ್ನೂ ಸುಟ್ಟಿತ್ತು.

ಸ್ಕಾಟ್ಲೆಂಡಿನ ಮಕ್ಕಳ ಗುಟ್ಟೂ 2023ರಲ್ಲಿ ಬಹುಪಾಲು ಬಿಚ್ಚಿಕೊಂಡಿತು. ಗ್ಲಾಸ್ಗೋದ ತಂಡಕ್ಕೆ ರೋಗಿ ಮಕ್ಕಳ ರಕ್ತದಲ್ಲಿ ಎಎವಿ2 ಎಂಬ, ಸಾಮಾನ್ಯವಾಗಿ ಯಾರಿಗೂ ಏನೂ ಮಾಡದ ವೈರಸ್ ಸಿಕ್ಕಿತು. ಅದು ಬೆಳೆಯಲು ಇನ್ನೊಂದು ವೈರಸ್ಸಿನ ನೆರವು ಬೇಕು. ಪರೀಕ್ಷಿಸಿದ 27 ಮಕ್ಕಳಲ್ಲಿ 25 ಮಂದಿಯಲ್ಲಿ ಎಚ್‌ಎಲ್‌ಎ-ಡಿಆರ್‌ಬಿ1*04:01 ಎಂಬ ವಂಶವಾಹಿ ರೂಪ ಇತ್ತು. ಅಲ್ಲಿನ ಜನರಲ್ಲಿ ಅದು ಇರುವುದು ನೂರಕ್ಕೆ ಸುಮಾರು ಹದಿನಾರು ಮಂದಿಯಲ್ಲಿ. ವೈರಸ್ ಒಂದೇ ಸಾಲದು, ವಂಶವೊಂದೇ ಸಾಲದು. ಆ ಹದಿನಾರು ಮಂದಿಯಲ್ಲೂ ಹೆಚ್ಚಿನವರು ಆರೋಗ್ಯವಾಗಿಯೇ ಇದ್ದಾರೆ.

ಹಾಗಾಗಿ 'ರಕ್ತದಲ್ಲೇ ಇದೆ' ಎಂಬ ಮಾತಿನ ಮೇಲೆ ನನಗಿರುವ ತಕರಾರು ಅದು ಪೂರ್ತಿ ಸುಳ್ಳು ಎಂಬುದಲ್ಲ. ಆ ಮಾತು ಆಡಿದ ಕೂಡಲೇ ಹುಡುಕಾಟ ನಿಲ್ಲುತ್ತದೆ. ಪಾತ್ರೆ ಯಾವುದು ಎಂದು ಕೇಳಲು 1887ರಿಂದ 1983ರವರೆಗೆ 96 ವರ್ಷ ಹಿಡಿಯಿತು. ವಂಶವನ್ನು ಬದಲಿಸಲಾಗದು, ಪಾತ್ರೆಯನ್ನು ಬದಲಿಸಬಹುದು. ಹೆಪಟೈಟಿಸ್ ಬಿ ವಿಷಯದಲ್ಲೂ ಅಷ್ಟೇ. ತಾಯಿಯಿಂದ ಮಗುವಿಗೆ ದಾಟುವುದನ್ನು ತಡೆಯುವ ಲಸಿಕೆ ನಮ್ಮಲ್ಲಿ 2002ರ ಹೊತ್ತಿಗೆ ಪ್ರಾಯೋಗಿಕವಾಗಿ ಶುರುವಾಗಿ 2011ರಲ್ಲಿ ದೇಶಕ್ಕೆಲ್ಲ ಬಂತು. ಅದರ ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು. ನಿಮ್ಮ ಮನೆಯಲ್ಲಿ ಬಾಣಂತನ ಇದ್ದರೆ ಇದೊಂದನ್ನು ಕೇಳಿ ನೋಡಿ.

*

ಇಷ್ಟೆಲ್ಲ ಓದಿಕೊಂಡ ಮೇಲೆ ಹೋದ ದೀಪಾವಳಿಗೆ ದಾದರಿಗೆ ಹೋಗಿದ್ದೆ. ತಪ್ಪಲೆ ಕೆಳಗಿಳಿದಿತ್ತು. ಒಳಗೆ ಕೈಯಾಡಿಸಿದೆ. ಕಲಾಯಿಯ ಗುರುತು ಎಲ್ಲೂ ಇರಲಿಲ್ಲ. ಇದರಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಲು ಬಾಯಿ ತೆರೆದವನು ತಡೆದುಕೊಂಡೆ. ಅರವತ್ತು ವರ್ಷದ ಹಿಂದೆ ಸತ್ತ ಇಬ್ಬರು ಮಕ್ಕಳಿಗೆ ಬಂದದ್ದು ಇದೇ ರೋಗವೇ, ಇದೇ ತಪ್ಪಲೆಯಿಂದಲೇ ಎಂದು ಹೇಳಲು ನನ್ನ ಬಳಿ ಯಾವ ಪುರಾವೆಯೂ ಇಲ್ಲ. ಮೇಲಾಗಿ, ರಕ್ತದ ದೋಷ ಎಂದು ಇಷ್ಟು ವರ್ಷ ನಂಬಿದವಳಿಗೆ ನಿನ್ನ ಕೈಯ ಪಾತ್ರೆ ಎಂದು ಹೇಳುವುದು ಸಮಾಧಾನವೋ ಶಿಕ್ಷೆಯೋ?

ಕೊನೆಗೆ ಅವಳೇ ಮಾತೆತ್ತಿದಳು. ಟೀವಿಯಲ್ಲಿ ಬಂದ ಆ ಮಕ್ಕಳ ಕಥೆ ಏನಾಯಿತು ಎಂದು ಕೇಳಿದಳು. ವೈರಸ್ ಎಂದೆ, ಸ್ವಲ್ಪ ಹುಟ್ಟಿನಿಂದ ಬಂದದ್ದೂ ಇತ್ತಂತೆ ಎಂದೆ. ಆಮೇಲೆ, ನಮ್ಮ ಕಡೆಯ ಮಕ್ಕಳ ಲಿವರ್ ಬೇರೆಯೇ ರೋಗ, ಅದಕ್ಕೆ ಹಿತ್ತಾಳೆಯಲ್ಲಿಟ್ಟ ಹಾಲು ಕಾರಣವಿದ್ದೀತು ಎಂದು ಪುಣೆಯ ಡಾಕ್ಟರುಗಳು ಬಹಳ ತಡವಾಗಿ ಕಂಡುಹಿಡಿದರು, ಆಗ ಯಾರಿಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ.

ದೊಡ್ಡಮ್ಮ ಸ್ವಲ್ಪ ಹೊತ್ತು ತಪ್ಪಲೆಯನ್ನೇ ನೋಡುತ್ತಿದ್ದಳು.

"ಹಾಗಾದ್ರೆ ನಿನ್ನ ಅಕ್ಕನ ಮೊಮ್ಮಕ್ಕಳಿಗೆ ಏನೂ ಆಗೂದಿಲ್ಲ ಅಲ್ಲದನಾ?" ಎಂದಳು.

"ಇಲ್ಲ ದೊಡ್ಡಮ್ಮ" ಎಂದೆ. ಅವಳು ಹುಣಸೆಹಣ್ಣಿನ ಬಟ್ಟಲನ್ನು ನನ್ನ ಕಡೆ ತಳ್ಳಿದಳು. ಆ ವರ್ಷ ತಪ್ಪಲೆ ತಿಕ್ಕಿದ್ದು ನಾನು.